ಕಾರಿಲ್ಲದೆ ಒಂದೇ ದಿನದಲ್ಲಿ ಕಡಲೂರು, ಬೆಟ್ಟದೂರು

ಸ್ಪೇನ್‌ನ ಮಲಗಾದಲ್ಲಿ ಉಳಿದು, ಕಾರಿಲ್ಲದೆ, ಅಮ್ಮನನ್ನೂ ಕರ್ಕೊಂಡು ಒಂದೇ ದಿನದಲ್ಲಿ ಕಡಲೂರು, ಬೆಟ್ಟದೂರು ಎರಡೂ ನೋಡಬಹುದಾ ಅಂತ ಕೇಳಿದ್ದೀರಲ್ಲ, ಆರಾಮಾಗಿ ಆಗುತ್ತೆ. ಕಡಲೂರು ನೆರ್ಹಾಗೆ ಹೋಗಿ. ರೈಲಿಲ್ಲ, ಬಸ್ಸಿದೆ. ಬೆಳಿಗ್ಗೆ ಬೇಗ ಹೊರಟು, ಬಿಸಿಲೇರುವ ಮೊದಲೇ ಅಲ್ಲಿಂದ 6 ಕಿ.ಮೀ. ಮೇಲಿರುವ ಬೆಟ್ಟದೂರು ಫ್ರಿಹಿಲಿಯಾನಾಗೆ ಲೋಕಲ್ ಬಸ್ ಹಿಡಿಯಿರಿ. ಭಾನುವಾರವಾದರೆ ಬಸ್ ನಂಬಬೇಡಿ, ಟ್ಯಾಕ್ಸಿನೇ ವಾಸಿ. ಸುಣ್ಣ ಬಳಿದ ಮನೆಗಳ ನಡುವೆ ಓಣಿಗಳು ಕಡಿದಾಗಿವೆ, ಮೆಟ್ಟಿಲೂ ಜಾಸ್ತಿ, ಅಮ್ಮನಿಗೆ ಜಾರದ ಶೂ ಹಾಕಿಸಿ. ಊರಿನಲ್ಲಿ ಇವತ್ತಿಗೂ ಕಬ್ಬಿನ ಹಾಲು ಕಾಯಿಸಿ ಪಾಕ ಮಾಡುತ್ತಾರೆ, ಥೇಟ್ ನಮ್ಮ ಜೋನಿಬೆಲ್ಲ. ಅದನ್ನು ಕರಿದ ಬದನೆಕಾಯಿ ಮೇಲೆ ಸುರಿದು ಕೊಡುತ್ತಾರೆ, ಬಿಡಲೇಬೇಡಿ!

ಮಧ್ಯಾಹ್ನದ ಊಟ ಮಾತ್ರ ಕೆಳಗೆ ನೆರ್ಹಾದ ಬುರಿಯಾನಾ ಬೀಚಿನಲ್ಲೇ ಆಗಲಿ. ಬೂತಾಯಿ ಮೀನನ್ನು ಕಡ್ಡಿಗೆ ಪೋಣಿಸಿ, ಬರೀ ಕಲ್ಲುಪ್ಪು ಹಾಕಿ, ಮರಳು ತುಂಬಿದ ದೋಣಿಯಲ್ಲಿ ಬೆಂಕಿ ಹಾಕಿ ಸುಡುತ್ತಾರೆ. ಮೇಯಿಂದ ಆಗಸ್ಟ್‌ವರೆಗೆ ಮೀನು ಕೊಬ್ಬಿ ಚೆನ್ನಾಗಿರುತ್ತೆ. ಎರಡು ಗಂಟೆಗೆ ಮೊದಲು ಹೋದರೆ ಜಾಗ ಸುಲಭವಾಗಿ ಸಿಗುತ್ತೆ, ಅಲ್ಲಿಯವರು ಉಣ್ಣೋದೇ ತಡವಾಗಿ.