ಹೆಂಡತಿಯ ಕುಡಿತ, ಹತ್ತು ತಿಂಗಳ ಕೂಸು, ತವರಿಗೆ ಕಳಿಸುವ ಮಾತು

ಪ್ರಶ್ನೆ: ನಾವು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯವರು. ಎರಡು ಎಕರೆ ಹಿಪ್ಪುನೇರಳೆ ತೋಟವಿದೆ, ರೇಷ್ಮೆ ಹುಳು ಸಾಕುತ್ತೇವೆ. ಜೊತೆಗೆ ನಾನು ಗೂಡು ಸಾಗಿಸುವ ಟೆಂಪೊ ಓಡಿಸುತ್ತೇನೆ. ನನಗೆ ಮೂವತ್ತೈದು ವರ್ಷ, ಹೆಂಡತಿಗೆ ಇಪ್ಪತ್ತೊಂಬತ್ತು. ಒಂದನೇ ತರಗತಿಯ ಮಗಳು, ಹತ್ತು ತಿಂಗಳ ಮಗ ಇದ್ದಾರೆ. ಎರಡನೇ ಬಾಣಂತನದಲ್ಲಿ ಶೀತವಾಗದಿರಲಿ ಎಂದು ನನ್ನ ತಾಯಿಯೇ ಮುಚ್ಚಳದಲ್ಲಿ ಬ್ರಾಂದಿ ಕೊಡುತ್ತಿದ್ದರು. ಆಗ ಅವಳಿಗೆ ನಿದ್ದೆ ಬರುತ್ತಿರಲಿಲ್ಲ, ಕಾರಣವಿಲ್ಲದೆ ಅಳುತ್ತಿದ್ದಳು. ಅದೇ ಅಭ್ಯಾಸವಾಗಿ ಈಗ ದಿನಕ್ಕೆ ಎರಡು ಕ್ವಾರ್ಟರಿಗೆ ಬಂದು ನಿಂತಿದೆ. ಬೆಳಿಗ್ಗೆ ಎದ್ದರೆ ಕೈ ನಡುಗುತ್ತದೆ. ಕಳೆದ ತಿಂಗಳು ಅಮ್ಮ ಅವಳನ್ನು ಎರಡು ದಿನ ಕೋಣೆಯಲ್ಲಿ ಕೂಡಿಹಾಕಿದಾಗ ಫಿಟ್ಸ್ ಬಂತು. ಬಾಗೇಪಲ್ಲಿ ಕಡೆಯ ತವರಿಗೆ ಕಳಿಸಿಬಿಡು, ಮಕ್ಕಳನ್ನು ಚಿಂತಾಮಣಿಯ ಅಕ್ಕ ಸಾಕುತ್ತಾಳೆ ಎಂದು ಹಿರಿಯರು ಹೇಳುತ್ತಾರೆ. ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರದವರು ರಾತ್ರಿ ಗಾಡಿ ತಂದು ಕರೆದೊಯ್ಯುತ್ತೇವೆ, ಆರು ತಿಂಗಳು ಯಾರೂ ನೋಡಲು ಬರಕೂಡದು ಎನ್ನುತ್ತಾರೆ. ಪರಿಚಯದವರೊಬ್ಬರು ಸಾರಿನಲ್ಲಿ ಬೆರೆಸಲು ಮಾತ್ರೆ ಕೊಟ್ಟಿದ್ದಾರೆ. ಅವಳಿಗೆ ಮಕ್ಕಳೆಂದರೆ ಪ್ರಾಣ. ನಾನೂ ಹಬ್ಬ, ಜಾತ್ರೆಗೆ ಕುಡಿಯುವವನೇ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಫಿಟ್ಸ್ ಬಂದ ಸಾಲಿನ ಮೇಲೆ. ತವರು, ಅಕ್ಕನ ಮನೆ, ಊರಿನವರ ಮಾತು ಇವೆಲ್ಲ ಅದರ ನಂತರದ ವಿಚಾರ. ತಿಂಗಳುಗಟ್ಟಲೆ ದಿನವೂ ಕುಡಿದ ಮೈಗೆ ಮದ್ಯ ಇದ್ದಕ್ಕಿದ್ದಂತೆ ತಪ್ಪಿದರೆ, ಕೊನೆಯ ಸಲ ಕುಡಿದ ಆರರಿಂದ ಇಪ್ಪತ್ತನಾಲ್ಕು ಗಂಟೆಗಳೊಳಗೆ ನಡುಕ, ಬೆವರು, ವಾಕರಿಕೆ, ಎದೆಬಡಿತ ಶುರುವಾಗುತ್ತವೆ; ಮೊದಲ 48 ಗಂಟೆಗಳಲ್ಲಿ ಫಿಟ್ಸ್ ಬರಬಹುದು; ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿದಂತಾಗಿ, ಇಲ್ಲದ್ದು ಕಾಣಿಸಿ, ಮನೆಯವರ ಗುರುತೂ ತಪ್ಪುತ್ತದೆ. ಇದಕ್ಕೆ ಚಿಕಿತ್ಸೆ ಸಿಗದೆ ಪ್ರಾಣ ಹೋಗುವುದುಂಟು. ಒಮ್ಮೆ ಫಿಟ್ಸ್ ಬಂದವರಿಗೆ ಮುಂದಿನ ಸಲವೂ ಬರುವ ಸಾಧ್ಯತೆ ಹೆಚ್ಚು. ಆದ್ದರಿಂದ ಆಕೆಯನ್ನು ಇನ್ನೊಮ್ಮೆ ಕೂಡಿಹಾಕುವುದಾಗಲಿ, ದೇವರ ಮುಂದೆ ಆಣೆ ಮಾಡಿಸಿ ಆ ಕ್ಷಣದಿಂದಲೇ ನಿಲ್ಲಿಸುವುದಾಗಲಿ ಖಂಡಿತ ಬೇಡ. ಕುಡಿತ ನಿಲ್ಲುವ ಮೊದಲ ವಾರ ಆಸ್ಪತ್ರೆಯ ಹಾಸಿಗೆಯ ಮೇಲೆ, ವೈದ್ಯರ ಕಣ್ಣೆದುರು ಕಳೆಯಬೇಕು. ಅಲ್ಲಿ ನಡುಕವನ್ನೂ ಫಿಟ್ಸನ್ನೂ ತಡೆಯುವ ಔಷಧಿಯನ್ನು ದಿನದಿಂದ ದಿನಕ್ಕೆ ಇಳಿಸುತ್ತಾ ಕೊಡುತ್ತಾರೆ, ಥಯಾಮಿನ್ ಎಂಬ ಬಿ1 ಜೀವಸತ್ವವನ್ನೂ ಕೊಡುತ್ತಾರೆ. ಊರಿನ ಕ್ಲಿನಿಕ್ಕಿನಲ್ಲಿ ಒಂದು ಬಾಟಲಿ ಗ್ಲೂಕೋಸ್ ಏರಿಸಿಕೊಂಡು ಬಂದರೆ ಸಾಕೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮದ್ಯದಿಂದ ಬಳಲಿದವರಿಗೆ ಥಯಾಮಿನ್ ಇಲ್ಲದೆ ಬರಿಯ ಗ್ಲೂಕೋಸ್ ಕೊಟ್ಟರೆ ಮಿದುಳಿಗೆ ಹಾನಿಯಾಗಬಹುದು.

ಸಾರಿನಲ್ಲಿ ಬೆರೆಸಲು ಕೊಟ್ಟ ಮಾತ್ರೆಯನ್ನು ವೈದ್ಯರಿಗೆ ತೋರಿಸಿ, ಬಳಸಬೇಡಿ. ಹೀಗೆ ಗುಟ್ಟಾಗಿ ಹಂಚುವ ಮಾತ್ರೆ ಸಾಮಾನ್ಯವಾಗಿ ಡೈಸಲ್ಫಿರಾಮ್ ಆಗಿರುತ್ತದೆ. ಅದು ಮೈಯಲ್ಲಿರುವಾಗ ಮದ್ಯ ಬಿದ್ದರೆ ವಾಂತಿ, ಉಸಿರುಕಟ್ಟು, ರಕ್ತದೊತ್ತಡದ ಕುಸಿತ ಉಂಟಾಗಿ ಜೀವಕ್ಕೆ ಅಪಾಯ ಒದಗಬಹುದು. ತಿಳಿದು, ಒಪ್ಪಿ, ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳುವವರಿಗೆ ಮಾತ್ರ ಅದು ಔಷಧಿ. ಆಕೆ ಹಾಲೂಡಿಸುವ ತಾಯಿ ಎಂಬುದನ್ನೂ ಮರೆಯಬಾರದು. ಅದಲ್ಲದೆ, ಗಂಡ ಬಡಿಸಿದ ಅನ್ನವನ್ನೇ ಅನುಮಾನಿಸುವಂತಾದ ಮನೆಯಲ್ಲಿ ಯಾರಿಗೂ ಗುಣವಾಗುವುದಿಲ್ಲ.

ಇನ್ನು ಆ ಕೇಂದ್ರದ ವಿಚಾರ. ರಾತ್ರಿ ಗಾಡಿಯಲ್ಲಿ ಹೊತ್ತೊಯ್ದು ಆರು ತಿಂಗಳು ಮಕ್ಕಳ ಮುಖ ತೋರಿಸದೆ ಇಡುವುದನ್ನು ನಾನು ಚಿಕಿತ್ಸೆ ಎಂದು ಕರೆಯಲಾರೆ, ಕಾನೂನೂ ಹಾಗೆ ಕರೆಯುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳ ವ್ಯಸನದಿಂದ ಬರುವ ಮಾನಸಿಕ ತೊಂದರೆಗಳೂ ಸೇರಿವೆ. ಅದರ ಪ್ರಕಾರ ಇಂತಹ ಚಿಕಿತ್ಸೆ ನೀಡುವ ಸಂಸ್ಥೆ ನೋಂದಣಿಯಾಗಿರಬೇಕು, ಮತ್ತು ರೋಗಿಯ ಒಪ್ಪಿಗೆಯ ದಾಖಲಾತಿಯೇ ಸಾಮಾನ್ಯ ದಾರಿಯಾಗಿರಬೇಕು. ರೋಗಿ ತೀರ ಗಂಭೀರ ಸ್ಥಿತಿಯಲ್ಲಿದ್ದು ತಾನೇ ನಿರ್ಧರಿಸಲಾರದಿದ್ದಾಗ ಬೇರೆಯವರ ನೆರವಿನಿಂದ ದಾಖಲಿಸಬಹುದಾದರೂ, ಅದಕ್ಕೂ ಮನೋವೈದ್ಯರು ಸೇರಿದಂತೆ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು ಮತ್ತು ಅದರ ಮೊದಲ ಅವಧಿ 30 ದಿನ ಮೀರಕೂಡದು. ನಿಮ್ಮ ಮಗನ ಮಟ್ಟಿಗೆ ಇದೇ ಕಾಯ್ದೆಯ 21ನೇ ಕಲಮು ಇನ್ನೂ ಮುಖ್ಯವಾದುದು. ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಬಾರದು ಎಂದು ಅದು ಹೇಳುತ್ತದೆ. ಮಗುವಿಗೆ ಅಪಾಯವಿದೆಯೆಂದು ಮನೋವೈದ್ಯರು ಕಂಡುಕೊಂಡರೆ ತಾತ್ಕಾಲಿಕವಾಗಿ ಬೇರೆ ಇಡಬಹುದು; ಆಗಲೂ ತಾಯಿ ಸಿಬ್ಬಂದಿಯ ಅಥವಾ ಮನೆಯವರ ಸಮ್ಮುಖದಲ್ಲಿ ಮಗುವನ್ನು ನೋಡಬಹುದು, ಮತ್ತು ಆ ನಿರ್ಧಾರವನ್ನು 15 ದಿನಕ್ಕೊಮ್ಮೆ ಮರುಪರಿಶೀಲಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ತುತ್ತಾದ ತಾಯಿಯನ್ನೂ ಕೂಸನ್ನೂ ಒಟ್ಟಿಗೆ ಇರಿಸಿಕೊಂಡು ನೋಡುವ ತಾಯಿ-ಮಗು ವಿಭಾಗ 2009ರಿಂದ ನಡೆಯುತ್ತಿದೆ. ನಿಮ್ಮ ಪತ್ನಿಗೆ ಎರಡರ ಅಗತ್ಯವೂ ಇರಬಹುದೆಂದು ನನಗೆ ಅನ್ನಿಸುತ್ತಿದೆ.

ಏಕೆಂದರೆ ನಿಮ್ಮ ಪತ್ರದ ಇನ್ನೊಂದು ಸಾಲನ್ನು ನೀವೇ ಹಗುರವಾಗಿ ದಾಟಿಬಿಟ್ಟಿದ್ದೀರಿ. ಬಾಣಂತನದಲ್ಲಿ ಆಕೆ ನಿದ್ದೆಯಿಲ್ಲದೆ ಅಳುತ್ತಿದ್ದರು. ಅದು ಬಾಣಂತಿಯರನ್ನು ಕಾಡುವ ಖಿನ್ನತೆಯಾಗಿದ್ದಿರಬಹುದು. ಆಗ ಆಕೆಯ ಕೈಗೆ ಸಿಕ್ಕಿದ್ದು ಒಂದು ಮುಚ್ಚಳ ಬ್ರಾಂದಿ. ಅದು ಆ ರಾತ್ರಿ ನಿದ್ದೆ ಕೊಟ್ಟಿತು, ಮರುರಾತ್ರಿ ಎರಡು ಮುಚ್ಚಳ ಕೇಳಿತು. ನಿಮ್ಮ ತಾಯಿಯವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹಿರಿಯರು ಪ್ರೀತಿಯಿಂದಲೇ ಹಾಗೆ ಕೊಟ್ಟಿದ್ದಾರೆ. ಆದರೆ ಸೊಸೆ ಕೆಟ್ಟವಳಾದ್ದರಿಂದ ಕುಡಿತಕ್ಕೆ ಬಿದ್ದಳು ಎಂಬ ಮಾತು ಆ ಮನೆಯಲ್ಲಿ ಇನ್ನು ಕೇಳಬಾರದು, ಅದನ್ನು ನಿಲ್ಲಿಸಬೇಕಾದವರು ನೀವು. ಖಿನ್ನತೆಗೆ ಚಿಕಿತ್ಸೆ ಕೊಡದೆ ಕುಡಿತವನ್ನಷ್ಟೇ ಬಿಡಿಸಿದರೆ, ನಿದ್ದೆ ಬಾರದ ಮೊದಲ ರಾತ್ರಿಯೇ ಅದು ಮರಳುತ್ತದೆ. ವೈದ್ಯರ ಮುಂದೆ ಇದನ್ನು ಬಿಡದೆ ಹೇಳಿ.

ತವರಿಗೆ ಕಳಿಸುವ ಮಾತಿಗೆ ಬರುತ್ತೇನೆ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದ ಗಂಡಸರಲ್ಲಿ ಶೇ 27.3ರಷ್ಟು ಮಂದಿ ಮದ್ಯ ಸೇವಿಸಿದರೆ, ಹೆಂಗಸರಲ್ಲಿ ಆ ಪ್ರಮಾಣ ಶೇ 1.6. ಕುಡಿಯುವ ಗಂಡನನ್ನು ಆಸ್ಪತ್ರೆಗೆ ಕರೆದುಕೊಂಡು ಬರುವ ಹೆಂಡತಿಯನ್ನು ನಾವು ದಿನವೂ ಕಾಣುತ್ತೇವೆ, ಆತನನ್ನು ಮನೆಯಿಂದ ಕಳಿಸು ಎಂದು ಹಿರಿಯರು ಪಂಚಾಯ್ತಿ ಸೇರುವುದನ್ನು ಕಾಣುವುದಿಲ್ಲ. ಹೆಂಗಸು ಕುಡಿದರೆ ಮಾತ್ರ ಮೊದಲ ತೀರ್ಪು ಮಕ್ಕಳನ್ನು ಕಿತ್ತುಕೊಳ್ಳುವುದೇ ಆಗಿರುತ್ತದೆ. ಅದೇ ಭಯದಿಂದ ಎಷ್ಟೋ ತಾಯಂದಿರು ಮೈ ಹಾಳಾಗುವವರೆಗೂ ಬಚ್ಚಿಟ್ಟು ಕುಡಿಯುತ್ತಾರೆ, ಮತ್ತು ಅಷ್ಟೇ ಮದ್ಯಕ್ಕೆ ಹೆಂಗಸರ ಲಿವರ್ ಗಂಡಸರಿಗಿಂತ ಬೇಗ ಕೆಡುತ್ತದೆ. ಮಕ್ಕಳೆಂದರೆ ಪ್ರಾಣ ಎಂದು ನೀವೇ ಬರೆದಿದ್ದೀರಿ. ಆಕೆಯನ್ನು ಚಿಕಿತ್ಸೆಯ ಬಾಗಿಲವರೆಗೆ ನಡೆಸಿಕೊಂಡು ಹೋಗುವ ಬಲ ಆ ಪ್ರೀತಿಗೇ ಇದೆ; ಅದನ್ನು ಮೊದಲೇ ಕಿತ್ತುಕೊಂಡರೆ ಆಕೆ ಯಾರಿಗಾಗಿ ಬಿಡಬೇಕು?

ಹಾಗೆಂದು ಮಕ್ಕಳ ಸುರಕ್ಷತೆಯಲ್ಲಿ ರಿಯಾಯಿತಿ ಇಲ್ಲ. ಆಸ್ಪತ್ರೆಗೆ ಸೇರುವವರೆಗಿನ ದಿನಗಳಲ್ಲಿ ಆಕೆಯೊಬ್ಬರ ಬಳಿಯೇ ಕೂಸನ್ನು ಬಿಟ್ಟು ನೀವು ಟೆಂಪೊ ತೆಗೆಯಬೇಡಿ. ಕುಡಿದ ತಾಯಿಯ ಮಗ್ಗುಲಲ್ಲಿ ಹಸುಗೂಸು ಮಲಗಿದರೆ ಉಸಿರುಕಟ್ಟುವ ಅಪಾಯವಿದೆ. ರಾತ್ರಿ ಮಗು ನಿಮ್ಮ ತಾಯಿಯ ಬಳಿ ಅಥವಾ ತೊಟ್ಟಿಲಲ್ಲಿ ಮಲಗಲಿ. ರಕ್ತದಲ್ಲಿರುವಷ್ಟೇ ಮದ್ಯ ಎದೆಹಾಲಿಗೂ ಇಳಿಯುತ್ತದೆ, ಈಗಿನ ಪ್ರಮಾಣದಲ್ಲಿ ಹಾಲೂಡಿಸುವುದು ಸುರಕ್ಷಿತವಲ್ಲ. ಸದ್ಯಕ್ಕೆ ಮಗುವಿಗೆ ಏನು ಕೊಡಬೇಕು, ಮುಂದೆ ಎದೆಹಾಲು ಯಾವಾಗ ಶುರು ಮಾಡಬಹುದು ಎಂಬುದನ್ನು ಮಕ್ಕಳ ವೈದ್ಯರಲ್ಲಿ ಕೇಳಿ. ಮನೆಯ ಸಂಪಿಗೂ ತೋಟದ ಕೃಷಿ ಹೊಂಡಕ್ಕೂ ಮುಚ್ಚಳ, ಬೇಲಿ ಇರಲಿ. ಹುಳು ಮನೆಯ ಸೋಂಕುನಿವಾರಕ ಔಷಧಿಗಳನ್ನು ಬೀಗದಲ್ಲಿಡಿ. ಇವನ್ನೆಲ್ಲ ಆಕೆಯ ಬೆನ್ನಹಿಂದೆ ಮಾಡದೆ, ಬೆಳಿಗ್ಗೆ ಆಕೆ ತಿಳಿಯಾಗಿರುವ ಹೊತ್ತಿನಲ್ಲಿ ಕೂತು ಹೇಳಿ ಮಾಡಿ.

ನಿಮ್ಮ ಮಗಳಿಗೆ ಎಲ್ಲವೂ ಕಾಣುತ್ತಿದೆ. ಆರು ವರ್ಷದ ಮಗು ತಾನು ಹಟ ಮಾಡಿದ್ದಕ್ಕೇ ಅಮ್ಮ ಹೀಗಾದಳು ಎಂದುಕೊಂಡು ಒಳಗೊಳಗೇ ಕೊರಗುವುದುಂಟು. "ಅಮ್ಮನಿಗೆ ಹುಷಾರಿಲ್ಲ, ಅದು ನಿನ್ನಿಂದ ಆದದ್ದಲ್ಲ, ಡಾಕ್ಟರ ಹತ್ತಿರ ಹೋಗಿ ವಾಸಿ ಮಾಡಿಸಿಕೊಂಡು ಬರುತ್ತಾರೆ" ಎಂದು ಅಷ್ಟನ್ನೇ ಹೇಳಿ. ಬಾಟಲಿ ಎಲ್ಲಿಟ್ಟಿದ್ದಾಳೆ ನೋಡಿ ಹೇಳು ಎಂದು ಆ ಮಗುವನ್ನು ಕಾವಲಿಗೆ ಹಚ್ಚಬೇಡಿ.

ಮೊದಲ ಹೆಜ್ಜೆಯಾಗಿ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಹಗಲಿರುಳೂ ಕನ್ನಡದಲ್ಲಿ ಮಾತನಾಡಬಹುದು. ಬಾಗೇಪಲ್ಲಿ ಕಡೆಯವರಾದ ನಿಮ್ಮ ಪತ್ನಿಗೆ ತೆಲುಗಿನಲ್ಲಿ ಮನಸ್ಸು ಬಿಚ್ಚುವುದು ಸುಲಭವೆನಿಸಿದರೆ ಅದನ್ನೂ ಕೇಳಿ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ವ್ಯವಸ್ಥೆ ಇದೆ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆಯಿಂದ ನಿಮ್ಹಾನ್ಸ್‌ಗೆ ಚೀಟಿ ಬರೆಸಿಕೊಂಡರೆ ಒಳ್ಳೆಯದು. ಬಿಪಿಎಲ್ ಕಾರ್ಡ್ ಇದ್ದರೆ ಜೊತೆಗಿರಲಿ. ನಡುವೆ ಮತ್ತೆ ಫಿಟ್ಸ್ ಬಂದರೆ ಮಂಗಳವಾರಕ್ಕಾಗಿ ಕಾಯದೆ 108ಕ್ಕೆ ಕರೆ ಮಾಡಿ.

ನಿಮಗೂ ಒಂದು ಮಾತು. ಹಬ್ಬಕ್ಕೆಂದು ನೀವು ತರುವ ಬಾಟಲಿ ಇನ್ನು ಮನೆಯೊಳಗೆ ಬರಬಾರದು, ಹೊರಗೆ ಕುಡಿದು ಆ ವಾಸನೆಯಲ್ಲಿ ನೀವೂ ಬರಬಾರದು. ನಾಲ್ಕನೇ ಜ್ವರ ಎದ್ದ, ಅಂದರೆ ಕೊನೆಯ ಸಲ ಪೊರೆ ಕಳಚಿದ ಹುಳುವಿಗೆ ಹಗಲುರಾತ್ರಿ ಸೊಪ್ಪು ಹಾಕುವ ಆ ವಾರದ ದುಡಿತವನ್ನು ಆಕೆಯ ತಲೆಯ ಮೇಲೆ ಬಿಡದೆ, ಆಸ್ಪತ್ರೆಯಿಂದ ಬಂದ ಮೇಲೆ ಒಂದು ಬೆಳೆಯನ್ನು ಬಿಟ್ಟರೂ ಚಿಂತೆಯಿಲ್ಲ. ಚಿಕಿತ್ಸೆ ಆದ ಮೇಲೂ ಆಕೆ ಒಮ್ಮೆ ಎಡವಬಹುದು. ಅಂದು ಬೈಯದೆ, ಬೀದಿಗೆ ತರದೆ, ಮಾರನೆಯ ದಿನವೇ ಅದೇ ವೈದ್ಯರ ಬಳಿ ಕರೆದೊಯ್ಯಿರಿ.

ಅಕ್ಕನವರ ಮನಸ್ಸು ದೊಡ್ಡದು. ಮಕ್ಕಳನ್ನು ಚಿಂತಾಮಣಿಗೆ ಕರೆದುಕೊಂಡು ಹೋಗುವ ಬದಲು, ಹದಿನೈದು ದಿನ ಅವರೇ ನಿಮ್ಮ ಮನೆಗೆ ಬಂದು ಇರಲು ಆಗುತ್ತದೆಯೇ ಎಂದು ಇಂದು ರಾತ್ರಿಯೇ ಫೋನ್ ಮಾಡಿ ಕೇಳಿ. ಆಗ ಮಗಳ ಶಾಲೆ ತಪ್ಪುವುದಿಲ್ಲ, ಕೂಸನ್ನು ಎತ್ತಿಕೊಂಡು ಆಸ್ಪತ್ರೆಗೆ ಬರಲು ನಿಮ್ಮ ಜೊತೆ ಒಬ್ಬ ಹೆಂಗಸೂ ಇರುತ್ತಾರೆ.