ಒಂದೇ ಎಚ್‌ಡಿಎಂಐ ಇರುವ ಲ್ಯಾಪ್‌ಟಾಪಿಗೆ ಎರಡು ಮಾನಿಟರ್ ಹಾಕೋದು ಹೇಗೆ?

ನೀವು ತೀರ್ಥಹಳ್ಳಿಯ ಮನೆಯಿಂದ ಕೆಲಸ ಮಾಡುತ್ತೀರಿ, ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಒಂದು ಎಚ್‌ಡಿಎಂಐ, ಒಂದು ಟೈಪ್-ಸಿ ಇದೆ, ಸ್ಪ್ಲಿಟ್ಟರ್ ತಂದು ಹಾಕಿದರೆ ಎರಡೂ ಮಾನಿಟರಿನಲ್ಲಿ ಒಂದೇ ಚಿತ್ರ ಬರುತ್ತಿದೆ ಅಂತ ಕೇಳಿದ್ದೀರಿ. ಸ್ಪ್ಲಿಟ್ಟರ್ ಕೆಟ್ಟಿಲ್ಲ. ಅದರ ಕೆಲಸವೇ ಅಷ್ಟು. ಮದುವೆ ಛತ್ರದಲ್ಲಿ ಮೇಲೊಂದು ಕೆಳಗೊಂದು ಟಿವಿ ಇಟ್ಟು ಒಂದೇ ವಿಡಿಯೊ ತೋರಿಸಲು ಅದು ಸರಿ, ನಿಮ್ಮ ಕೆಲಸಕ್ಕೆ ಆಗುವುದಿಲ್ಲ. ಅಂಗಡಿಯವರು ವಾಪಸ್ ತಗೊಂಡರೆ ಕೊಟ್ಟುಬಿಡಿ.

ಸಾಗರದ ಹತ್ತಿರದ ನಮ್ಮ ಮನೆಯಲ್ಲೂ ಎರಡು 24 ಇಂಚಿನ ಮಾನಿಟರ್ ಇವೆ. ಒಂದಕ್ಕೆ ಎಚ್‌ಡಿಎಂಐ, ಇನ್ನೊಂದಕ್ಕೆ ಟೈಪ್-ಸಿಯಿಂದ ಡಿಸ್‌ಪ್ಲೇಪೋರ್ಟ್ ಕೇಬಲ್ (ಡಿಸ್‌ಪ್ಲೇಪೋರ್ಟ್ ಅಂದರೆ ಎಚ್‌ಡಿಎಂಐ ಥರವೇ ಮಾನಿಟರಿಗೆ ಚಿತ್ರ ಒಯ್ಯುವ ಇನ್ನೊಂದು ಸಂಪರ್ಕ). ನಡುವೆ ಡಾಕ್, ಅಂದರೆ ಹಲವು ಪೋರ್ಟ್ ಕೊಡುವ ಪೆಟ್ಟಿಗೆ, ಏನೂ ಇಲ್ಲ. ನಿಮಗೂ ಇದೇ ಸಾಕಾಗಬಹುದು, ಆದರೆ ದುಡ್ಡು ಹಾಕುವ ಮೊದಲು ಆ ಟೈಪ್-ಸಿ ಎಂಥದ್ದು ಅಂತ ನೋಡಿ, ಯಾಕೆಂದರೆ ಹೊರಗಿಂದ ಎಲ್ಲವೂ ಒಂದೇ ಥರ ಕಂಡರೂ ಕೆಲವು ಬರೀ ಪೆನ್‌ಡ್ರೈವ್, ಚಾರ್ಜಿಂಗಿಗೆ ಇರುತ್ತವೆ, ಚಿತ್ರ ಕಳಿಸುವುದೇ ಇಲ್ಲ. ಪಕ್ಕದಲ್ಲಿ ಮಿಂಚಿನ ಗುರುತಿದ್ದರೆ ಸಾಮಾನ್ಯವಾಗಿ ಥಂಡರ್‌ಬೋಲ್ಟ್, ಅದು ಚಿತ್ರವನ್ನೂ ಕಳಿಸುತ್ತದೆ, ಚಿಂತೆ ಇಲ್ಲ. ಗುರುತೇ ಇಲ್ಲದಿದ್ದರೆ ಲ್ಯಾಪ್‌ಟಾಪಿನ ತಳದಲ್ಲಿರುವ ಮಾಡೆಲ್ ನಂಬರ್ ಹಿಡಿದು ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿ. 'ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್' ಅಂತ ಇರಬೇಕು, ಇದ್ದರೆ ಆ ಟೈಪ್-ಸಿ ಚಿತ್ರವನ್ನೂ ಕಳಿಸುತ್ತದೆ ಅಂತ ಅರ್ಥ. ಅಂಗಡಿಯವರ ಮಾತು ನಂಬಬೇಡಿ, 'ಎಲ್ಲದಕ್ಕೂ ಆಗುತ್ತೆ ಸಾರ್' ಅಂತಲೇ ಹೇಳುತ್ತಾರೆ.

ಆಲ್ಟ್ ಮೋಡ್ ಇಲ್ಲವಾ? ಆಗ ಡಿಸ್‌ಪ್ಲೇಲಿಂಕ್ ಚಿಪ್ ಇರುವ ಅಡಾಪ್ಟರ್ ಉಂಟು, ಮಾಮೂಲಿ ಯುಎಸ್‌ಬಿಗೂ ಹಾಕಬಹುದು. ಅದು ಚಿತ್ರವನ್ನು ಕುಗ್ಗಿಸಿ ಯುಎಸ್‌ಬಿಯಲ್ಲಿ ಕಳಿಸುತ್ತದೆ, ಹಾಗಾಗಿ ಪ್ರೊಸೆಸರಿಗೆ ಸ್ವಲ್ಪ ಹೊರೆ. ಎಕ್ಸೆಲ್, ಮೇಲ್‌ಗೆ ಏನೂ ತೊಂದರೆ ಇಲ್ಲ, ಗೇಮ್ ಆಡಲು ಬೇಡ. ಇದಕ್ಕೆ ಡ್ರೈವರ್, ಅಂದರೆ ಅಡಾಪ್ಟರನ್ನು ನಡೆಸುವ ಸಾಫ್ಟ್‌ವೇರ್, ಹಾಕಬೇಕು. ಆಫೀಸಿನ ಲ್ಯಾಪ್‌ಟಾಪ್ ಆದರೆ ಐಟಿಯವರ ಅನುಮತಿ ಮೊದಲು ಕೇಳಿ, ಆಮೇಲೆ ಖರೀದಿ.

ಹೊಸದಾಗಿ ಮ್ಯಾಕ್‌ಬುಕ್ ಏರ್ ತಗೊಳ್ಳುವ ಯೋಚನೆ ಇದ್ದರೆ ಒಂದು ಮಾತು. ಎಂ1, ಎಂ2 ಚಿಪ್ಪಿನವು ಹೊರಗಿನ ಒಂದೇ ಮಾನಿಟರ್ ಓಡಿಸುತ್ತವೆ. ಎಂ3ರಲ್ಲಿ ಮುಚ್ಚಳ ಮುಚ್ಚಿದರೆ ಎರಡು, ಎಂ4ರಲ್ಲಿ ತೆರೆದಿದ್ದರೂ ಎರಡು. ಸೆಕೆಂಡ್ ಹ್ಯಾಂಡ್ ಕಡಿಮೆಗೆ ಸಿಕ್ಕಿತು ಅಂತ ಮರುಳಾಗಬೇಡಿ.

ಹಾಕಿದ ಮೇಲೆ ವಿಂಡೋಸ್ ಕೀ ಜೊತೆ ಪಿ ಒತ್ತಿ 'ಎಕ್ಸ್‌ಟೆಂಡ್' ಆರಿಸಿ, ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಪರದೆಗಳನ್ನು ಮೇಜಿನ ಮೇಲೆ ಇರುವ ಹಾಗೇ ಎಳೆದು ಜೋಡಿಸಿ. ಅಗ್ಗದ ಟೈಪ್-ಸಿ ಹಬ್ (ಒಂದು ಪೋರ್ಟಿನಿಂದ ಹಲವು ಪೋರ್ಟ್ ಮಾಡಿಕೊಡುವ ಸಾಧನ) ಹಲವು 4ಕೆ ಚಿತ್ರವನ್ನು 30 ಹರ್ಟ್ಸ್‌ನಲ್ಲಷ್ಟೇ ಕೊಡುತ್ತವೆ, ಅಂದರೆ ಸೆಕೆಂಡಿಗೆ 30 ಸಲ ಮಾತ್ರ ಚಿತ್ರ ಬದಲಾಗುತ್ತದೆ, ಮೌಸ್ ತಡವರಿಸಿದ ಹಾಗೆ ಅನ್ನಿಸುತ್ತದೆ. ಫುಲ್ ಎಚ್‌ಡಿ ಮಾನಿಟರಿಗೆ ಆ ತಲೆನೋವಿಲ್ಲ.

ಇನ್ನು ನಮ್ಮ ಕಡೆಯ ಕರೆಂಟ್. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಮಾನಿಟರಿಗೆ ಇಲ್ಲ. ಕರೆಂಟ್ ಹೋದ ತಕ್ಷಣ ಮಾನಿಟರಿನಲ್ಲಿ ತೆರೆದಿದ್ದ ವಿಂಡೋಗಳೆಲ್ಲ ಲ್ಯಾಪ್‌ಟಾಪ್ ಪರದೆಗೆ ಬಂದು ಗುಡ್ಡೆ ಬೀಳಬಹುದು. ವಿಂಡೋಸ್ 11ರಲ್ಲಿ, ಮಾನಿಟರ್ ಮತ್ತೆ ಹಾಕಿದಾಗ ಅವು ಹಳೇ ಜಾಗಕ್ಕೆ ಹೋಗುವಂತೆ ಮಾಡುವ ಆಯ್ಕೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ 'ಮಲ್ಟಿಪಲ್ ಡಿಸ್‌ಪ್ಲೇಸ್' ಕೆಳಗಿದೆ, ಅದನ್ನು ಆನ್ ಮಾಡಿಡಿ. ಎರಡು ಮಾನಿಟರಿಗೆ ಚಿಕ್ಕ ಯುಪಿಎಸ್ ಸಾಕು, ಅವು ತಿನ್ನುವ ಕರೆಂಟ್ ಕಡಿಮೆ. ಆದರೆ ಏಪ್ರಿಲ್-ಮೇ ತಿಂಗಳಲ್ಲಿ ಗುಡುಗು ಶುರುವಾದರೆ ಯುಪಿಎಸ್ ಇದೆ ಅಂತ ಸುಮ್ನೆ ಕೂರಬೇಡಿ, ಪ್ಲಗ್ ಕಿತ್ತಿಡಿ. ಇಂಟರ್ನೆಟ್ ತಾಮ್ರದ ತಂತಿಯಲ್ಲಿ ಬರುತ್ತಿದ್ದರೆ ಅದನ್ನೂ ಕೀಳಿ. ಫೈಬರ್ ಆದರೆ ಅದರ ಬಾಕ್ಸಿನ ಅಡಾಪ್ಟರ್ ತೆಗೆದರೆ ಆಯ್ತು.