‘48 ಕೆಜಿ’ಯಿಂದ 48 ಮಾತ್ರ ಬೇಕು, 1292 ಬೇಡ

ಪ್ರಶ್ನೆ: ನಮ್ಮ ಮನೆಯ ಅಡಿಕೆ ವ್ಯಾಪಾರದ ಹಳೆಯ ಎಕ್ಸೆಲ್ ಲೆಕ್ಕವನ್ನೆಲ್ಲ ಮೈಎಸ್‌ಕ್ಯೂಎಲ್ 8 ಡೇಟಾಬೇಸ್‌ಗೆ ಹಾಕಿದ್ದೇನೆ. ತೂಕದ ಕಾಲಂ ವಾರ್‌ಚಾರ್, ಅಂದರೆ ಪಠ್ಯ. ಅದರಲ್ಲಿ ‘48 ಕೆಜಿ’, ‘52.5ಕೆಜಿ’, ‘1,250 ಕೆಜಿ’, ‘೬೫ ಕೆಜಿ’, ‘ತೂಕ ಆಗಿಲ್ಲ’ ಎಂದು ಬಗೆಬಗೆಯಾಗಿ ಬರೆದಿದೆ. ಕಾಸ್ಟ್ (ಒಂದು ಬಗೆಯ ಮೌಲ್ಯವನ್ನು ಇನ್ನೊಂದಕ್ಕೆ ಬದಲಿಸುವ ಫಂಕ್ಷನ್) ಹಾಕಿ ಅನ್‌ಸೈನ್ಡ್, ಅಂದರೆ ಪೂರ್ಣಾಂಕ ಮಾಡಿದರೆ ಸಂಖ್ಯೆ ಬರುತ್ತದೆ, ಜೊತೆಗೆ ಸಾವಿರಾರು ವಾರ್ನಿಂಗ್ ಕೂಡ. ಅದೇ ಕ್ವೆರಿಯಿಂದ ಹೊಸ ಟೇಬಲ್‌ಗೆ ಇನ್ಸರ್ಟ್ ಮಾಡಲು ಹೋದರೆ 1292 ಎಂಬ ಎರರ್ ಕೊಟ್ಟು ನಿಂತುಬಿಡುತ್ತದೆ. ಸ್ಟ್ರಿಕ್ಟ್ ಮೋಡ್ (ತಪ್ಪು ಮೌಲ್ಯ ಬರೆಯಲು ಬಿಡದ ಸೆಟ್ಟಿಂಗ್) ತೆಗೆದುಬಿಡು ಎಂದು ಗೆಳೆಯರೊಬ್ಬರು ಹೇಳಿದರು. ತೆಗೆಯಬಹುದೇ ಸರ್?
— ಓದುಗರು, ಶಿರಸಿ

ಉತ್ತರ: ಬೇಡ. ಸ್ಟ್ರಿಕ್ಟ್ ಮೋಡ್ ತೆಗೆದರೆ ವಾರ್ನಿಂಗ್ ಹೋಗುವುದಿಲ್ಲ, ನಿಮ್ಮನ್ನು ತಡೆಯುವವರು ಹೋಗುತ್ತಾರೆ, ಅಷ್ಟೇ. ಎರರನ್ನು ವಾರ್ನಿಂಗ್‌ಗೆ ಇಳಿಸುವ ಇನ್ಸರ್ಟ್ ಇಗ್ನೋರ್ ಹಾಕಿದರೂ ಅದೇ ಕಥೆ.

ಮೊದಲು ಆ ವಾರ್ನಿಂಗ್ ಏನು ಹೇಳುತ್ತಿದೆ ನೋಡೋಣ. ಕ್ವೆರಿ ಓಡಿಸಿದ ಕೂಡಲೇ ಶೋ ವಾರ್ನಿಂಗ್ಸ್ ಕೊಡಿ. ‘ಟ್ರಂಕೇಟೆಡ್ ಇನ್‌ಕರೆಕ್ಟ್ ಇಂಟಿಜರ್ ವ್ಯಾಲ್ಯೂ’ ಎಂಬ ಸಾಲಿನ ಮುಂದೆ ‘48 ಕೆಜಿ’ ಎಂದಿರುತ್ತದೆ. ಕಾಸ್ಟ್ ಪಠ್ಯವನ್ನು ಎಡದಿಂದ ಓದುತ್ತ ಹೋಗಿ, ಅಂಕಿಯಲ್ಲದ್ದು ಸಿಕ್ಕಲ್ಲಿ ನಿಲ್ಲುತ್ತದೆ. ಅಲ್ಲಿಯವರೆಗೆ ಸಿಕ್ಕಿದ್ದನ್ನು ಕೈಗಿಟ್ಟು, ಉಳಿದದ್ದನ್ನು ಕತ್ತರಿಸಿದೆ ಎಂದು ಗೊಣಗುತ್ತದೆ. ‘48 ಕೆಜಿ’ಗೆ 48 ಸರಿಯಾಗಿಯೇ ಬಂತು. ಆದರೆ ‘52.5ಕೆಜಿ’ 52 ಆಯಿತು. ‘1,250 ಕೆಜಿ’ ಅಲ್ಪವಿರಾಮದಲ್ಲಿ ನಿಂತು ಬರೀ 1 ಆಯಿತು. ‘೬೫ ಕೆಜಿ’ 0. ‘ತೂಕ ಆಗಿಲ್ಲ’ ಕೂಡ 0. ಐದು ಸಾಲಿನಲ್ಲಿ ನಾಲ್ಕು ತಪ್ಪು, ಐದಕ್ಕೂ ಒಂದೇ ವಾರ್ನಿಂಗ್! ಸರಿಯಾದದ್ದಕ್ಕೂ ಕೆಟ್ಟದ್ದಕ್ಕೂ ಒಂದೇ ದನಿಯಲ್ಲಿ ಕೂಗುವುದರಿಂದಲೇ ಜನ ಅದನ್ನು ಓದುವುದನ್ನು ಬಿಡುತ್ತಾರೆ. ಇನ್ನೊಂದು ಮಾತು, ಮೈಎಸ್‌ಕ್ಯೂಎಲ್ 8 ತಾನಾಗಿ ಇಟ್ಟುಕೊಳ್ಳುವುದು 1024 ವಾರ್ನಿಂಗ್ ಮಾತ್ರ. ಪಟ್ಟಿ ಅಲ್ಲಿಗೆ ಮುಗಿಯಿತೆಂದು ತಪ್ಪು ಸಾಲುಗಳೂ ಅಷ್ಟೇ ಎಂದುಕೊಳ್ಳಬೇಡಿ.

ಸೆಲೆಕ್ಟ್‌ನಲ್ಲಿ ವಾರ್ನಿಂಗ್ ಆಗಿದ್ದದ್ದು ಇನ್ಸರ್ಟ್‌ನಲ್ಲಿ ಎರರ್ ಆಗುವುದು ಸ್ಟ್ರಿಕ್ಟ್ ಮೋಡ್‌ನಿಂದ. ನೋಡುವಾಗ ಅಂದಾಜು ನಡೆಯುತ್ತದೆ, ಬರೆದಿಡುವಾಗ ನಡೆಯುವುದಿಲ್ಲ ಎಂಬುದು ಅದರ ನಿಲುವು. ನನಗಂತೂ ಅದು ಸರಿ ಎನಿಸುತ್ತದೆ.

ಹಾಗಾದರೆ ದಾರಿ ಏನು? ಆರಿಸುವ ಕೆಲಸವನ್ನು ಕಾಸ್ಟ್‌ಗೆ ಬಿಡಬೇಡಿ. ಮೊದಲು ಅಂಕಿಯನ್ನು ನೀವೇ ಹೆಕ್ಕಿ, ಅಪ್ಪಟ ಸಂಖ್ಯೆಯನ್ನು ಮಾತ್ರ ಅದರ ಕೈಗೆ ಕೊಡಿ. 8ರಲ್ಲಿ ಇದಕ್ಕೆ, ಹೇಳಿದ ನಮೂನೆಗೆ ಹೊಂದುವ ತುಣುಕನ್ನು ಹೆಕ್ಕುವ ರೆಗ್‌ಎಕ್ಸ್‌ಪಿ_ಸಬ್‌ಸ್ಟರ್ ಇದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು, ರಚನೆ ಹೀಗೆ:

ಕಾಸ್ಟ್(ರೆಗ್‌ಎಕ್ಸ್‌ಪಿ_ಸಬ್‌ಸ್ಟರ್(ರಿಪ್ಲೇಸ್(ತೂಕ, ',', ''), '[0-9]+([.][0-9]+)?') ಆ್ಯಸ್ ಡೆಸಿಮಲ್(10,2))

ಒಳಗಿನಿಂದ ಓದಿ. ರಿಪ್ಲೇಸ್ ಅಲ್ಪವಿರಾಮ ತೆಗೆಯುತ್ತದೆ, ಮಧ್ಯದ್ದು ಮೊದಲು ಸಿಕ್ಕ ಸಂಖ್ಯೆಯನ್ನು ದಶಮಾಂಶ ಸಮೇತ ಎತ್ತಿಕೊಡುತ್ತದೆ, ಕಾಸ್ಟ್‌ಗೆ ಗೊಣಗಲು ಏನೂ ಉಳಿಯುವುದಿಲ್ಲ. ‘ತೂಕ ಆಗಿಲ್ಲ’ ಎಂಬಲ್ಲಿ ಅಂಕಿಯೇ ಇಲ್ಲವಾದ್ದರಿಂದ ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಬರುತ್ತದೆ, ನಲ್‌ಗೆ ವಾರ್ನಿಂಗ್ ಇಲ್ಲ. ಇದು ಬರೀ ಅಚ್ಚುಕಟ್ಟಿನ ಮಾತಲ್ಲ. ಸರಾಸರಿ ತೆಗೆಯುವಾಗ 0 ಲೆಕ್ಕಕ್ಕೆ ಸೇರಿ ತೂಕವನ್ನು ಕೆಳಕ್ಕೆಳೆಯುತ್ತದೆ, ನಲ್ ಸೇರುವುದೇ ಇಲ್ಲ. ಮೈಎಸ್‌ಕ್ಯೂಎಲ್‌ನ ಕವಲಾದ ಮರಿಯಾಡಿಬಿ ಬಳಸುವವರಿಗೆ ಮಾತ್ರ ಒಂದು ಎಚ್ಚರಿಕೆ: ಅಲ್ಲಿ ಇದೇ ಫಂಕ್ಷನ್ ಏನೂ ಸಿಗದಿದ್ದರೆ ನಲ್ ಬದಲು ಖಾಲಿ ಸ್ಟ್ರಿಂಗ್ ಕೊಡುತ್ತದೆ. ಅದನ್ನು ನಲ್‌ಇಫ್‌ನಲ್ಲಿ ಸುತ್ತಿ, ಖಾಲಿ ಇದ್ದದ್ದು ನಲ್ ಆಗುತ್ತದೆ.

ಡೆಸಿಮಲ್ ಎಂದಷ್ಟೇ ಬರೆದು ಬಿಟ್ಟರೆ ಅದು ಡೆಸಿಮಲ್(10,0) ಆಗುತ್ತದೆ, 12.75 ಹೋಗಿ 13 ಆಗುತ್ತದೆ. ಆವರಣದ 10,2 ಮರೆಯಬೇಡಿ.

ಈಗ ಆ ‘೬೫’. ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ನಮೂನೆ ಹುಡುಕುವ ಬರಹ) ಬಲ್ಲವರು [0-9] ಬದಲು ಬ್ಯಾಕ್‌ಸ್ಲ್ಯಾಷ್ ಡಿ ಬರೆಯುತ್ತಾರೆ. ಮೈಎಸ್‌ಕ್ಯೂಎಲ್ 8 ಇದಕ್ಕೆ ಬಳಸುವುದು ಐಸಿಯು ಲೈಬ್ರರಿ. ಅದರ ಲೆಕ್ಕದಲ್ಲಿ ಡಿ ಎಂದರೆ ಯೂನಿಕೋಡ್‌ನ ಎಲ್ಲ ಅಂಕಿಗಳು, ಕನ್ನಡದ ೦ಯಿಂದ ೯ರವರೆಗೂ. ಹಾಗಾಗಿ ಡಿ ‘೬೫’ನ್ನು ಹೆಮ್ಮೆಯಿಂದ ಹೆಕ್ಕಿ ಕೊಡುತ್ತದೆ, ಕಾಸ್ಟ್‌ಗೆ ಅದು ಓದಲು ಬರುವುದಿಲ್ಲ, ಮತ್ತೆ 0, ಮತ್ತೆ 1292. [0-9] ಬರೆದರೆ ಕನಿಷ್ಠ ನಲ್ ಬರುತ್ತದೆ, ಸಾಲು ಬೇರೆಯಾಗಿ ಕಣ್ಣಿಗೆ ಬೀಳುತ್ತದೆ. (ಮೈಎಸ್‌ಕ್ಯೂಎಲ್ ಸ್ಟ್ರಿಂಗ್‌ನಲ್ಲಿ ಬ್ಯಾಕ್‌ಸ್ಲ್ಯಾಷನ್ನು ಎರಡು ಸಲ ಹಾಕದಿದ್ದರೆ ಅದು ಬರೀ ಡಿ ಅಕ್ಷರ ಹುಡುಕುತ್ತದೆ ಎಂಬ ತಲೆನೋವು ಬೇರೆ.) ಕನ್ನಡ ಅಂಕಿ ಬದಲಿಸಲು ಹತ್ತು ರಿಪ್ಲೇಸ್‌ಗಳನ್ನು ಒಂದರೊಳಗೊಂದು ಇಡಬೇಕು. ನೋಡಲು ಚೆಂದವಿಲ್ಲ, ಕೆಲಸ ಆಗುತ್ತದೆ. ಎಕ್ಸೆಲ್‌ನಿಂದ ತರುವಾಗ ಪೈಥಾನ್ ಬಳಸಿದ್ದರೆ ಈ ಕಷ್ಟವೇ ಇಲ್ಲ, ಪೈಥಾನ್‌ನ ಇಂಟ್ ‘೬೫’ನ್ನು ನೇರವಾಗಿ 65 ಎಂದು ಓದುತ್ತದೆ.

ಇಷ್ಟಾದರೂ ವಾರ್ನಿಂಗ್ ನಿಂತ ಮಾತ್ರಕ್ಕೆ ಉತ್ತರ ಸರಿ ಎಂದು ಒಪ್ಪಬೇಡಿ. ‘2 ಚೀಲ 96 ಕೆಜಿ’ ಎಂದಿದ್ದರೆ ಮೇಲಿನ ಸೂತ್ರ 2 ಎಂದು ಕೊಡುತ್ತದೆ, ಸದ್ದಿಲ್ಲದೆ. ಅಂಥವಿದ್ದರೆ ಪ್ಯಾಟರ್ನ್ ಕೊನೆಗೆ (?= *ಕೆಜಿ) ಸೇರಿಸಿ, ಕೆಜಿಯ ಹಿಂದಿರುವ ಸಂಖ್ಯೆ ಮಾತ್ರ ಬರುತ್ತದೆ. ಎರಡು ಚೀಲದ ತೂಕವನ್ನು ಯಾರಾದರೂ ‘48,52’ ಎಂದು ಒತ್ತಿ ಬರೆದಿದ್ದರೆ ಅಲ್ಪವಿರಾಮ ಹೋಗಿ 4852 ಆಗುತ್ತದೆ. ನಾನು ಮಾಡುವುದಿಷ್ಟು: ಹಳೆಯ ಕಾಲಂ ಮುಟ್ಟದೆ, ಪಕ್ಕದಲ್ಲಿ ಹೊಸ ಡೆಸಿಮಲ್ ಕಾಲಂ ಮಾಡಿ ತುಂಬಿಸುತ್ತೇನೆ. ಆಮೇಲೆ ನಲ್ ಬಂದ ಸಾಲುಗಳ ಹಳೆಯ ಪಠ್ಯವನ್ನು ಡಿಸ್ಟಿಂಕ್ಟ್ ಹಾಕಿ (ಒಂದೇ ಪಠ್ಯ ಒಮ್ಮೆ ಮಾತ್ರ ಬರುವಂತೆ) ಓದುತ್ತೇನೆ, ಅತಿ ಹೆಚ್ಚು ತೂಕದ ಇಪ್ಪತ್ತು ಸಾಲು ನೋಡುತ್ತೇನೆ. ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ.

ಬೇರೆ ಡೇಟಾಬೇಸ್‌ಗಳ ಸ್ವಭಾವ ಬೇರೆ. ಪೋಸ್ಟ್‌ಗ್ರೆಸ್ ವಾರ್ನಿಂಗ್ ಕೊಡದೆ ನೇರ ಎರರ್ ಕೊಡುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 2012ರಿಂದ ಟ್ರೈ_ಕಾಸ್ಟ್ ಇದೆ, ಆಗದಿದ್ದರೆ ನಲ್. ಎಸ್‌ಕ್ಯೂಎಲೈಟ್ ಮಾತ್ರ ‘48 ಕೆಜಿ’ಯನ್ನು 48 ಮಾಡಿ ಬಾಯಿ ಮುಚ್ಚಿಕೊಂಡಿರುತ್ತದೆ.

ಪ್ರಶ್ನೆ: ನನ್ನ ಟೇಬಲ್‌ನಲ್ಲಿ ಹೆಸರು, ಊರು ಎರಡೂ ಪಠ್ಯದ ಕಾಲಂ. ಸಂಖ್ಯೆಯ ಸುಳಿವೇ ಇಲ್ಲ. ಅಪ್‌ಡೇಟ್ ಮಾಡಿದರೆ 1292, ‘ಇನ್‌ಕರೆಕ್ಟ್ ಡಬಲ್ ವ್ಯಾಲ್ಯೂ’ ಎನ್ನುತ್ತದೆ!
— ಓದುಗರು, ತುಮಕೂರು

ಉತ್ತರ: ಸೆಟ್ ಆದಮೇಲೆ ಎರಡು ಕಾಲಂಗಳ ನಡುವೆ ಅಲ್ಪವಿರಾಮದ ಬದಲು ಆ್ಯಂಡ್ ಬರೆದಿದ್ದೀರಾ, ನೋಡಿ. ಆಗ ಮೈಎಸ್‌ಕ್ಯೂಎಲ್ ಅದನ್ನು ಹೆಸರು = (‘ರಮೇಶ’ ಆ್ಯಂಡ್ ಊರು = ‘ತಿಪಟೂರು’) ಎಂದು ಓದುತ್ತದೆ. ಆ್ಯಂಡ್‌ಗೆ ಸತ್ಯವೋ ಸುಳ್ಳೋ ಬೇಕು, ಅದಕ್ಕಾಗಿ ರಮೇಶನನ್ನು ಸಂಖ್ಯೆ ಮಾಡಲು ಹೋಗಿ ಸೋಲುತ್ತದೆ. ಸ್ಟ್ರಿಕ್ಟ್ ಮೋಡ್ ಇದ್ದದ್ದಕ್ಕೆ ಎರರ್ ಬಂತು. ಇಲ್ಲದಿದ್ದರೆ ಹೆಸರಿನ ಕಾಲಂನಲ್ಲಿ ರಮೇಶನ ಜಾಗದಲ್ಲಿ 0 ಕೂತಿರುತ್ತಿತ್ತು, ವೇರ್ (ಯಾವ ಸಾಲು ಎಂಬ ಷರತ್ತು) ಹಾಕುವುದೂ ಮರೆತಿದ್ದರೆ ಇಡೀ ಟೇಬಲ್‌ಗೆ.